ಕಲ್ಲು, ಗಣಿಗಳಾಚೆಯ ಭೂವಿಜ್ಞಾನ

ಪ್ರಶ್ನೆ: ಬಿ.ಎಸ್‌ಸಿ. ಮುಗಿಸುತ್ತಿರುವ ನನ್ನ ಮಗಳು ಭೂವಿಜ್ಞಾನದಲ್ಲಿ ಎಂ.ಎಸ್‌ಸಿ. ಓದಬೇಕೆಂದಿದ್ದಾಳೆ. ಅದು ಗಣಿ ಕಂಪನಿಗಳಿಗಷ್ಟೇ ಬೇಕಾದ ವಿದ್ಯೆ ಎನ್ನುತ್ತಾರೆ ಬಂಧುಗಳು. ಪರಿಸರದ ಬಗ್ಗೆ ಕಾಳಜಿಯಿರುವ ಅವಳಿಗೆ ಈ ಓದು ಹೊಂದುತ್ತದೆಯೇ? ಬೇಸಾಯಗಾರರಾದ ನಮಗೆ ಇಂಥ ಸಂಶೋಧನೆಯಿಂದ ಏನು ಪ್ರಯೋಜನ?
– ಓದುಗರೊಬ್ಬರು, ಚಾಮರಾಜನಗರ ಜಿಲ್ಲೆ

ಉತ್ತರ: ಕೋಲಾರ, ಹಟ್ಟಿಗಳ ಚಿನ್ನ ಕಂಡ ನಾಡಿನಲ್ಲಿ ಜನ ಹಾಗೆ ತಿಳಿದಿರುವುದು ಸಹಜ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಫ್ರಾನ್ಸಿನ ಸಂಶೋಧಕರೊಡನೆ ಸೇರಿ ಗುಂಡ್ಲುಪೇಟೆ ಸೀಮೆಯ ಬೇರಂಬಾಡಿ ಜಲಾನಯನದಲ್ಲಿ, ಅಂದರೆ ಮಳೆನೀರು ಹರಿದು ಒಂದೇ ಹಳ್ಳಕ್ಕೆ ಸೇರುವ ಸುಮಾರು 84 ಚದರ ಕಿಲೋಮೀಟರ್ ನೆಲದಲ್ಲಿ, ಮಳೆ, ಮಣ್ಣು ಮತ್ತು ಅಂತರ್ಜಲವನ್ನು ವರ್ಷಗಟ್ಟಲೆ ಅಳೆಯುತ್ತ ಬಂದಿದ್ದಾರೆ. ಅಲ್ಲಿನ 200ಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ, ಗೊಬ್ಬರದಿಂದ ನೀರಿಗಿಳಿಯುವ ಸಾರಜನಕದ ರೂಪವಾದ ನೈಟ್ರೇಟ್‌ನ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂನಿಂದ 360 ಮಿಲಿಗ್ರಾಂವರೆಗೆ ಇರುವುದು ಕಂಡುಬಂತು; ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪುವ ಮಿತಿ 45 ಮಿಲಿಗ್ರಾಂ.

ಒಂದೇ ಜಲಾನಯನದಲ್ಲಿ ಇಷ್ಟು ಅಂತರ ಏಕೆ? ಭೂವಿಜ್ಞಾನಕ್ಕೆ ಕೆಲಸವಿರುವುದು ಇಲ್ಲಿಯೇ. ಗಟ್ಟಿ ಬಂಡೆಯ ನಾಡಿನಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ, ಅಂದರೆ ಕಾಲಕ್ರಮೇಣ ಸಡಿಲಗೊಂಡ ಬಂಡೆಯಲ್ಲಿ. ನೀರಿನ ಮಟ್ಟ 30ರಿಂದ 60 ಮೀಟರ್ ಆಳಕ್ಕಿಳಿದು, ಅಕ್ಕಪಕ್ಕಕ್ಕೆ ಹರಿಯುವಷ್ಟು ಇಳಿಜಾರೂ ಆ ಮಟ್ಟಕ್ಕಿಲ್ಲದ ಕಡೆ ಪಂಪಿನಿಂದ ಮೇಲೆತ್ತಿದ ನೀರು ಹೊಲದ ಗೊಬ್ಬರವನ್ನು ಕರಗಿಸಿಕೊಂಡು ಅದೇ ಬಾವಿಯ ಬುಡಕ್ಕೆ ಮರಳುತ್ತದೆ, ಮತ್ತೆ ಮೇಲೆ ಬರುತ್ತದೆ, ಪ್ರತಿ ಸುತ್ತಿಗೂ ನೈಟ್ರೇಟ್ ಏರುತ್ತದೆ. ಅಂಥ ತಾಣಗಳಲ್ಲಿ ನೀರಾವರಿಯ ಮೂಲಕವೇ ಹೆಕ್ಟೇರಿಗೆ ವರ್ಷಕ್ಕೆ 200 ಕಿಲೋವರೆಗೆ ಸಾರಜನಕ ಬೆಳೆಗೆ ಸೇರಬಹುದೆಂದು ಅಧ್ಯಯನ ಅಂದಾಜು ಮಾಡಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 20 ಕಿಲೋ ಆದ್ದರಿಂದ, ಎಕರೆಗೆ ಸುಮಾರು ನಾಲ್ಕು ಚೀಲವನ್ನು ರೈತ ತನಗೆ ಅರಿವಿಲ್ಲದೆಯೇ ಹಾಕಿದಂತಾಯಿತು. ಅದರ ಮೇಲೆ ಮತ್ತೆ ಹಣ ಕೊಟ್ಟು ಯೂರಿಯಾ ತರುತ್ತೇವೆಂಬುದು ನನಗಂತೂ ಸಂಕಟದ ಸಂಗತಿ.

ಪ್ರಶ್ನೆ: ಅದೇ ತಂಡ ಬಂಡೀಪುರದ ಕಾಡಿನೊಳಗೂ ಅಳತೆ ಮಾಡುತ್ತಿದೆಯಂತೆ. ಬೇಸಾಯವೇ ಇಲ್ಲದ ಜಾಗದಲ್ಲಿ ಅದೇಕೆ?

ಉತ್ತರ: ಮನುಷ್ಯನ ಕೈ ಹೆಚ್ಚು ತಾಗದ ನೆಲದ ಲೆಕ್ಕ ತಿಳಿಯದೆ ಹೊಲದಲ್ಲಾದ ಬದಲಾವಣೆಯನ್ನು ಅಳೆಯಲಾಗದು. ಬಂಡೀಪುರ ಕಾಡಿನ ಮೂಲೆಹೊಳೆಯ ಪುಟ್ಟ ಜಲಾನಯನದಲ್ಲಿ ಐದು ವರ್ಷ ಮಾಡಿದ ಅಳತೆಯ ಆಧಾರದ ಮೇಲೆ 32 ವರ್ಷಗಳ ನೀರಿನ ಲೆಕ್ಕವನ್ನು ಕಟ್ಟಿದಾಗ, ವರ್ಷದ ಸರಾಸರಿ 1090 ಮಿಲಿಮೀಟರ್ ಮಳೆಯಲ್ಲಿ ಸುಮಾರು 900 ಮಿಲಿಮೀಟರ್ ಆವಿಯಾಗಿ ಮತ್ತು ಗಿಡಮರಗಳ ಮೂಲಕ ಗಾಳಿಗೆ ಸೇರುತ್ತದೆಂದೂ, ಅದರಲ್ಲಿ 100 ಮಿಲಿಮೀಟರನ್ನು ಮರಗಳು ಆಳದ ಶಿಥಿಲ ಪದರದಿಂದಲೇ ಹೀರುತ್ತವೆಂದೂ ತಿಳಿಯಿತು. ಒಣ ಮತ್ತು ಹಸಿ ವರ್ಷಗಳ ಸರದಿ ಸುಮಾರು 14 ವರ್ಷಗಳಿಗೊಮ್ಮೆ ಮರಳುವುದೂ ಕಂಡಿತು. ಮೂರು ವರ್ಷದ ಒಂದು ಪಿಎಚ್‌.ಡಿ. ಇದನ್ನು ಕಾಣಲಾರದು, ಒಬ್ಬರ ನಂತರ ಒಬ್ಬರು ವಿದ್ಯಾರ್ಥಿಗಳು ಅದೇ ಬಾವಿಗಳ ಮಟ್ಟವನ್ನು ಬರೆದಿಡುತ್ತ ಹೋಗಬೇಕು.

ಆದ್ದರಿಂದ ಮಗಳು ಎಂ.ಎಸ್‌ಸಿ.ಗೆ ಸೇರುವ ಮೊದಲು ಆ ವಿಭಾಗದವರನ್ನು ಕೇಳಲಿ: ವರ್ಷಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯವಿದೆ, ವಿಭಾಗ ತಾನೇ ನಿರಂತರವಾಗಿ ಅಳೆಯುವ ಕೆರೆಯೋ ಹಳ್ಳವೋ ಇದೆಯೇ, ಹಿಂದಿನ ವಿದ್ಯಾರ್ಥಿಗಳ ದಾಖಲೆ ಅವಳ ಕೈಗೆ ಸಿಗುತ್ತದೆಯೇ.