ಓದುಗರ ಪ್ರಶ್ನೆ: ಕಡಲಾಚೆಯ ಐರಿಷರು, ಊರಿನಲ್ಲುಳಿದ ಮನೆಯವರು

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡ್ ತೊರೆದು ಅಮೆರಿಕಕ್ಕೆ ಹೋದವರಲ್ಲಿ ಬಹುಪಾಲು ಜನ ಮತ್ತೆ ತಾಯ್ನಾಡಿನ ಮುಖ ನೋಡಲಿಲ್ಲವೆಂದು ಓದಿದ್ದೇನೆ. ಹಾಗಾದರೆ ಹೆತ್ತವರೊಂದಿಗೆ, ಒಡಹುಟ್ಟಿದವರೊಂದಿಗೆ ಇದ್ದ ನಂಟು ಹಡಗು ಹತ್ತಿದ ದಿನವೇ ಮುಗಿದುಹೋಗುತ್ತಿತ್ತೇ?

ಉತ್ತರ: ಹಿಂತಿರುಗಿದವರು ಕಡಿಮೆ ಎಂಬುದು ನಿಜ. ನಂಟು ಮುಗಿಯಿತು ಎಂಬುದು ಮಾತ್ರ ನಿಜವಲ್ಲ, ಏಕೆಂದರೆ ಅವರಲ್ಲಿ ಅನೇಕರು ಹೊರಟದ್ದೇ ಮನೆಯವರನ್ನು ಉಳಿಸುವುದಕ್ಕಾಗಿ.

1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡ ಗೇಣಿದಾರರು ಮತ್ತು ಕೂಲಿಕಾರರು ಹೆಚ್ಚುಕಡಿಮೆ ಅದೊಂದೇ ಬೆಳೆಯನ್ನು ನಂಬಿ ಬದುಕುತ್ತಿದ್ದುದರಿಂದ, ಮುಂದಿನ ಕೆಲವು ವರ್ಷಗಳಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಜ್ವರಗಳಿಂದಲೂ ಸುಮಾರು 10 ಲಕ್ಷ ಜನ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ 80 ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಕ್ಷಾಮ ಕಳೆದ ಮೇಲೂ ವಲಸೆ ನಿಲ್ಲಲಿಲ್ಲ. ಅದಕ್ಕೆ ಕಾರಣ ಜಮೀನು. ಹಿಂದೆ ಮಕ್ಕಳಿಗೆಲ್ಲ ತುಂಡುತುಂಡಾಗಿ ಹಂಚುತ್ತಿದ್ದ ಹಿಡುವಳಿಯನ್ನು ಕ್ಷಾಮದ ನಂತರ ಒಬ್ಬನೇ ಮಗನಿಗೆ ಬಿಡುವ ಪದ್ಧತಿ ಬಲವಾಯಿತು. ಒಬ್ಬ ಮಗಳಿಗೆ ವರದಕ್ಷಿಣೆ ಹೊಂದಿಸಿದರೆ ಅದೇ ಹೆಚ್ಚು. ಉಳಿದ ಮಕ್ಕಳ ಪಾಲಿಗೆ ಇದ್ದದ್ದು ಹಡಗಿನ ದಾರಿ.

ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಮನೆಯಲ್ಲಿ ಸೇರುತ್ತಿದ್ದರು. ಸತ್ತವರ ಹೆಣದ ಬಳಿ ರಾತ್ರಿಯಿಡೀ ಎಚ್ಚರವಿದ್ದು ಕಾಯುವ ‘ವೇಕ್’ ಎಂಬ ಪದ್ಧತಿ ಐರ್ಲೆಂಡಿನಲ್ಲಿತ್ತು. ಬದುಕಿರುವವರನ್ನು ಕಳಿಸಿಕೊಡುವ ಈ ರಾತ್ರಿಗೂ ಜನ ಅದೇ ಹೆಸರಿಟ್ಟು ‘ಅಮೆರಿಕನ್ ವೇಕ್’ ಎಂದು ಕರೆದರು. ಕುಣಿತವಿರುತ್ತಿತ್ತು, ಹಾಡಿರುತ್ತಿತ್ತು, ನಸುಕು ಹರಿಯುವ ಹೊತ್ತಿಗೆ ಹೆಂಗಸರು ಸತ್ತವರಿಗಾಗಿ ಅಳುವ ಹಾಗೆಯೇ ಅಳುತ್ತಿದ್ದರು. ಆ ಹೆಸರಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ ಎಂದು ನನಗೆ ತೋರುತ್ತದೆ; ವಯಸ್ಸಾದ ತಾಯಿಗೆ ಮಗನನ್ನು ಕಣ್ಣಾರೆ ಕಾಣುವ ಕೊನೆಯ ರಾತ್ರಿ ಬಹುಮಟ್ಟಿಗೆ ಅದೇ ಆಗಿರುತ್ತಿತ್ತು.

ಆಮೇಲೆ ಬರುತ್ತಿದ್ದುದು ‘ಅಮೆರಿಕದ ಕಾಗದ’. ಓದು ಬಾರದ ಮನೆಗಳಲ್ಲಿ ಪಾದ್ರಿಯೋ ಶಾಲೆಯ ಮೇಷ್ಟರೋ, ಓದು ಕಲಿತ ನೆರೆಯವರೋ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಾಗಾಗಿ ಒಂದು ಮನೆಗೆ ಬಂದ ಕಾಗದ ಊರಿಗೇ ಬಂದಂತೆ ಆಗುತ್ತಿತ್ತು. ಕಾಗದದ ಜೊತೆಯಲ್ಲಿ ಅನೇಕ ವೇಳೆ ಬ್ಯಾಂಕಿನ ಹುಂಡಿಯೂ ಇರುತ್ತಿತ್ತು, ಅದರಲ್ಲೂ ಕ್ರಿಸ್‌ಮಸ್ ಹತ್ತಿರವಾದಾಗ. ಉತ್ತರ ಅಮೆರಿಕದಿಂದ ಹೀಗೆ ಬಂದ ಹಣ 1850ರ ಆಸುಪಾಸಿನಲ್ಲಿಯೇ ವರ್ಷಕ್ಕೆ ಸುಮಾರು 10 ಲಕ್ಷ ಪೌಂಡಿನಷ್ಟಾಗಿತ್ತು. ಜಮೀನ್ದಾರನಿಗೆ ಕೊಡಬೇಕಾದ ಗೇಣಿ, ಅಂಗಡಿಯ ಸಾಲ, ತಂಗಿಯ ಮದುವೆ ಇವೆಲ್ಲ ಆ ಹಣದಿಂದ ನಡೆಯುತ್ತಿದ್ದವು. ಕೆಲವರು ಹಣದ ಬದಲು, ನ್ಯೂಯಾರ್ಕಿನಲ್ಲಿಯೇ ಮುಂಗಡ ಕೊಟ್ಟು ಕೊಂಡ ಹಡಗಿನ ಟಿಕೆಟನ್ನು ಕಳಿಸುತ್ತಿದ್ದರು. ಮೊದಲು ಹೋದ ಅಕ್ಕ ತಮ್ಮನನ್ನು ಕರೆಸಿಕೊಳ್ಳುವಳು, ತಮ್ಮ ದುಡಿದು ಇನ್ನೊಬ್ಬ ತಂಗಿಯನ್ನು ಕರೆಸಿಕೊಳ್ಳುವನು. ಹೀಗೆ ಒಂದೇ ಊರಿನವರು ಬಾಸ್ಟನ್ನಿನ ಅಥವಾ ನ್ಯೂಯಾರ್ಕಿನ ಒಂದೇ ಬೀದಿಯಲ್ಲಿ ಮತ್ತೆ ನೆರೆಯವರಾಗುತ್ತಿದ್ದುದುಂಟು.

ಕಾಗದ ನಿಂತುಹೋದ ಮನೆಗಳೂ ಬಹಳವಿದ್ದವು. ಇಲ್ಲಿ ನಾವು ಆತುರದ ತೀರ್ಮಾನಕ್ಕೆ ಬರಬಾರದು. ಹಣವಿಡದೆ ಬರಿಯ ಕಾಗದ ಕಳಿಸುವುದು ಹೇಗೆ ಎಂಬ ಸಂಕೋಚದಿಂದ, ಕೆಲಸ ಸಿಕ್ಕ ಮೇಲೆ ಬರೆದರಾಯಿತು ಎಂದು ತಿಂಗಳುಗಟ್ಟಲೆ ಮುಂದೂಡಿದವರು ಅನೇಕರು. ಕಾಲುವೆ ತೋಡುವ, ರೈಲು ಹಳಿ ಹಾಸುವ ಗಂಡಸರಿಗೆ ನಿಂತ ನೆಲೆಯೇ ಇರಲಿಲ್ಲ; ಇಂದು ಬಿಡಾರ ಹೂಡಿದ ಜಾಗ ಮುಂದಿನ ತಿಂಗಳು ಖಾಲಿ. ಬಾಸ್ಟನ್ನಿನ ‘ದಿ ಪೈಲಟ್’ ಎಂಬ ಕ್ಯಾಥೊಲಿಕ್ ಪತ್ರಿಕೆ ಇಂಥವರನ್ನು ಹುಡುಕುವುದಕ್ಕಾಗಿ 1831ರಿಂದ 1921ರವರೆಗೆ ‘ಕಾಣೆಯಾದ ಬಂಧುಗಳು’ ಎಂಬ ಪ್ರಕಟಣೆಗಳನ್ನು ಅಚ್ಚುಹಾಕುತ್ತ ಬಂತು. ಹುಟ್ಟಿದ ಕೌಂಟಿ ಮತ್ತು ಪ್ಯಾರಿಷ್, ಹಡಗು ಹತ್ತಿದ ವರ್ಷ, ಕೊನೆಯ ಸಲ ಎಲ್ಲಿದ್ದಾನೆಂದು ಸುದ್ದಿ ಬಂತು, ಹುಡುಕುತ್ತಿರುವವರು ಅಕ್ಕನೋ ಹೆಂಡತಿಯೋ, ಇಷ್ಟೇ ಕೆಲವು ಸಾಲು. ತೊಂಬತ್ತು ವರ್ಷ ಬಿಡದೆ ಜನ ಹಣ ತೆತ್ತು ತಮ್ಮವರನ್ನು ಹುಡುಕಿದರು ಎಂಬುದೇ ನಿಮ್ಮ ಪ್ರಶ್ನೆಗೆ ಒಂದು ಉತ್ತರ.

ಪ್ರಶ್ನೆ: ಮದುವೆಯಾಗದ ಹೆಣ್ಣುಮಕ್ಕಳು ಒಂಟಿಯಾಗಿ ಹೋಗುತ್ತಿದ್ದರೇ?

ಉತ್ತರ: ಹೋಗುತ್ತಿದ್ದರು, ಅದೂ ಬಹು ದೊಡ್ಡ ಸಂಖ್ಯೆಯಲ್ಲಿ. ಯೂರೋಪಿನ ಬೇರೆ ನಾಡುಗಳಿಂದ ಗಂಡಸರೇ ಹೆಚ್ಚಾಗಿ ಬರುತ್ತಿದ್ದ ಕಾಲದಲ್ಲಿ ಐರಿಷ್ ವಲಸಿಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿದ್ದರು. ಅವರಲ್ಲಿ ಅನೇಕರು ನಗರದ ಮನೆಗಳಲ್ಲಿ ಕೆಲಸಕ್ಕೆ ಸೇರಿದರು. ಊಟ ಮತ್ತು ವಸತಿ ಆ ಮನೆಯಲ್ಲಿಯೇ ದೊರೆಯುತ್ತಿದ್ದುದರಿಂದ ಸಂಬಳದ ಹೆಚ್ಚಿನ ಭಾಗ ಕೈಯಲ್ಲಿ ಉಳಿಯುತ್ತಿತ್ತು. ಊರಿಗೆ ಹಣ ಕಳಿಸುವುದರಲ್ಲಿ ಈ ಹುಡುಗಿಯರು ಹೆಸರಾಗಿದ್ದುದು ಇದರಿಂದಲೇ. ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಕೇಂದ್ರ 1892ರ ಜನವರಿ 1ರಂದು ತೆರೆದಾಗ ಮೊದಲು ಹೆಸರು ಬರೆಸಿದವಳು ಕಾರ್ಕ್ ಕೌಂಟಿಯ ಆ್ಯನಿ ಮೂರ್ ಎಂಬ ಹುಡುಗಿ. ಅವಳೊಂದಿಗೆ ಇಬ್ಬರು ತಮ್ಮಂದಿರಿದ್ದರು. ತಂದೆ ತಾಯಿ ಮೊದಲೇ ನ್ಯೂಯಾರ್ಕ್ ಸೇರಿದ್ದರು.

ಪ್ರಶ್ನೆ: ಇಷ್ಟು ಬಡವರು ಬರೆದ ಕಾಗದಗಳು ಇಂದಿಗೂ ಉಳಿದಿರುವುದು ಹೇಗೆ?

ಉತ್ತರ: ಕೆಲವನ್ನು ಮನೆಯವರೇ ಜೋಪಾನ ಮಾಡಿದರು. ಆದರೆ ಒಂದು ದೊಡ್ಡ ರಾಶಿ ಉಳಿದದ್ದು ಬೇರೆಯದೇ ಕಾರಣದಿಂದ, ಅದನ್ನು ತಿಳಿದಾಗ ನನ್ನ ಮನಸ್ಸು ಬಹಳ ಭಾರವಾಯಿತು.

ಅಮೆರಿಕದ ಅಂತರ್ಯುದ್ಧದಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಸುಮಾರು ಒಂದೂವರೆ ಲಕ್ಷ ಗಂಡಸರು ಉತ್ತರದ ಒಕ್ಕೂಟ ಸೈನ್ಯದಲ್ಲಿ ಹೋರಾಡಿದರು. 1862ರ ಜುಲೈಯಲ್ಲಿ ಆದ ಪಿಂಚಣಿ ಕಾನೂನು ಸತ್ತ ಸೈನಿಕನ ಹೆಂಡತಿ ಮಕ್ಕಳಿಗೆ ಮಾತ್ರವಲ್ಲದೆ, ಹೆಂಡತಿ ಮಕ್ಕಳಿಲ್ಲದೆ ಸತ್ತವನಾದರೆ ಅವನ ದುಡಿಮೆಯನ್ನೇ ನಂಬಿದ್ದ ತಾಯಿಗೂ ಹಕ್ಕು ಕೊಟ್ಟಿತು. ಸಾಮಾನ್ಯ ಸಿಪಾಯಿಯ ಪ್ರಾಣಕ್ಕೆ ತಿಂಗಳಿಗೆ 8 ಡಾಲರ್. ಆ ತಾಯಿ ಅಮೆರಿಕದಲ್ಲಿಯೇ ಇರಬೇಕೆಂದೇನೂ ಇರಲಿಲ್ಲ. ಐರ್ಲೆಂಡಿನ ಹಳ್ಳಿಗಳಿಂದಲೂ ಅರ್ಜಿಗಳು ಹೋದವು. ಆದರೆ ಮಗನು ತನಗೆ ಹಣ ಕಳಿಸುತ್ತಿದ್ದನೆಂದು ಆಕೆ ರುಜುವಾತು ಮಾಡಬೇಕಾಗಿತ್ತು. ಅದಕ್ಕೆ ಎಷ್ಟೋ ತಾಯಂದಿರ ಬಳಿ ಇದ್ದ ಸಾಕ್ಷಿ ಒಂದೇ: ‘ಇದರೊಂದಿಗೆ ಇಷ್ಟು ಡಾಲರ್ ಇಟ್ಟಿದ್ದೇನೆ, ಸಂಬಳವಾದೊಡನೆ ಇನ್ನಷ್ಟು ಕಳಿಸುತ್ತೇನೆ’ ಎಂಬಂಥ ಸಾಲುಗಳಿದ್ದ ಮಗನ ಕಾಗದಗಳು.

ಆ ಕಾಗದಗಳನ್ನು ಅರ್ಜಿಯೊಂದಿಗೆ ಸೇರಿಸಿ ಕಳಿಸಿದರು. ಅವು ಕಡತದಲ್ಲಿಯೇ ಉಳಿದವು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ತಾಯಿ ಅಕ್ಷರದ ಬದಲು ಗುರುತು ಹಾಕಿದ ಪ್ರಮಾಣಪತ್ರಗಳ ಮಗ್ಗುಲಲ್ಲಿ, ಸಂಶೋಧಕರಿಗೆ ಓದಲು ಸಿಗುತ್ತವೆ. ಸತ್ತ ಮಗನ ಕೈಬರಹವೆಂದು ಮನೆಯಲ್ಲಿ ಉಳಿದಿದ್ದುದನ್ನೂ, ತಿಂಗಳಿಗೆ 8 ಡಾಲರ್ ಬರಲೆಂದು, ಆ ತಾಯಂದಿರು ಕೈಬಿಡಬೇಕಾಯಿತು.