ಕೆಲಸದ ರೇಟಿಂಗ್ ಚೆನ್ನಾಗಿದ್ದರೂ ಕಂಪನಿ ಖರ್ಚು ಇಳಿಸುವಾಗ ನನ್ನನ್ನೇ ಯಾಕೆ ಕೆಲಸದಿಂದ ತೆಗೆದರು ಅಂತ ಕೇಳಿದ್ದೀರಲ್ಲ

ಮೊದಲಿಗೆ, ಇದು ನಿಮ್ಮ ಕೆಲಸದ ಮೇಲೆ ಬಂದ ತೀರ್ಪು ಅಂದ್ಕೋಬೇಡಿ. ಸಾಮಾನ್ಯವಾಗಿ ಮೇಲಿನವರು ಮೊದಲು ಎಷ್ಟು ಖರ್ಚು ಇಳಿಸಬೇಕು ಅಂತ ನಿರ್ಧರಿಸುತ್ತಾರೆ, ಆಮೇಲೆ ಯಾವ ಪ್ರಾಜೆಕ್ಟ್ ನಿಲ್ಲಬೇಕು ಅಂತ, ಹೆಸರುಗಳು ಬರೋದು ಕೊನೆಗೆ. ಆ ಹೊತ್ತಿಗೆ ನೀವು ಯಾವ ಟೀಮಿನಲ್ಲಿದ್ದೀರಿ, ಸಂಬಳ ಎಷ್ಟು, ಇದೇ ಕೆಲಸ ಮಾಡೋರು ಇನ್ನೊಬ್ಬರು ಇದ್ದಾರಾ ಅನ್ನೋದೇ ರೇಟಿಂಗ್‌ಗಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ. ಐಟಿ ಸೇವಾ ಕಂಪನಿ ಆದರೆ ಬೆಂಚ್‌ನಲ್ಲಿ, ಅಂದರೆ ಸದ್ಯಕ್ಕೆ ಯಾವ ಪ್ರಾಜೆಕ್ಟೂ ಇಲ್ಲದೆ, ಕೂತವರಿಗೆ ಮೊದಲ ಪೆಟ್ಟು, ಅವರು ಎಷ್ಟೇ ಜಾಣರಾಗಿರಲಿ. ಎಷ್ಟೋ ಸಲ ನಿಮ್ಮ ಮ್ಯಾನೇಜರ್‌ಗೂ ಹಿಂದಿನ ದಿನದವರೆಗೆ ಗೊತ್ತಿರಲ್ಲ.

ಕಾನೂನು ಬೇರೆ ಥರ ಹೇಳುತ್ತೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ 'ಕೊನೆಗೆ ಬಂದವರು ಮೊದಲು ಹೊರಗೆ' ಅನ್ನೋ ನಿಯಮ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಅದನ್ನು ಮೀರಿದರೆ ಕಂಪನಿ ಕಾರಣ ಬರೆದಿಡಬೇಕು. ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ. ಆದರೆ ಇದೆಲ್ಲ 'ಕೆಲಸಗಾರ' ಅಂತ ಲೆಕ್ಕಕ್ಕೆ ಬರುವವರಿಗೆ, ಮ್ಯಾನೇಜರ್ ಹುದ್ದೆಯವರಿಗಲ್ಲ.

ಈ ನೋಟಿಸ್, ಪರಿಹಾರ ತಪ್ಪಿಸೋಕೇ ಎಚ್‌ಆರ್‌ನವರು ಮೀಟಿಂಗ್‌ನಲ್ಲಿ ಕೂರಿಸಿ 'ನೀವೇ ರಾಜೀನಾಮೆ ಕೊಡಿ' ಅನ್ನೋದು. ಕೊಟ್ಟರೆ ಅದು ವಜಾ ಆಗಲ್ಲ, ಪರಿಹಾರ ಕೇಳೋದೂ ಕಷ್ಟ. ನೀವಿನ್ನೂ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಲ್ಲ ಅಂದಿರಲ್ಲ, ದಯವಿಟ್ಟು ಹಾಕಬೇಡಿ. ಆಫರ್ ಲೆಟರ್, ಪೇ ಸ್ಲಿಪ್, ಅಪ್ರೈಸಲ್ ಪತ್ರ ತಗೊಂಡು ಮೊದಲು ಕಾರ್ಮಿಕ ವಿಷಯ ಗೊತ್ತಿರೋ ವಕೀಲರನ್ನು ನೋಡಿ.