ಹೋದೆ, ಹೋಗಿದ್ದೆ, ಹೋಗಲಿಲ್ಲ: ಇಂಗ್ಲಿಷಿನಲ್ಲಿ ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಇಂಗ್ಲಿಷ್ ಭೂತಕಾಲದ್ದೇ ಮೇಲುಗೈ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರ: ಏಳನೇ ತರಗತಿಯ ಮಗಳು 'ಐ ಡಿಡ್ ನಾಟ್ ವೆಂಟ್' ಎಂದೇ ಬರೆಯುತ್ತಾಳೆ. ಎಷ್ಟು ತಿದ್ದಿದರೂ ಮತ್ತೆ ಅದೇ. ಹೇಗೆ ಬಿಡಿಸುವುದು? (ಓದುಗರು, ಅರಸೀಕೆರೆ)

ಉ: ಕನ್ನಡದಿಂದಲೇ ಬಿಡಿಸಿ. 'ಹೋದೆ' ಎನ್ನುವವಳು ಇಲ್ಲ ಎನ್ನಬೇಕಾದಾಗ 'ಹೋದಲಿಲ್ಲ' ಎನ್ನುತ್ತಾಳೆಯೇ? 'ಹೋಗಲಿಲ್ಲ' ಎನ್ನುತ್ತಾಳೆ. ಬಂದೆ, ಬರಲಿಲ್ಲ, ತಿಂದೆ, ತಿನ್ನಲಿಲ್ಲ. 'ಇಲ್ಲ' ಬಂದೊಡನೆ ಕ್ರಿಯಾಪದ ಭೂತಕಾಲದ ವೇಷ ಕಳಚಿಡುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ. 'ಡಿಡ್' ಬಂತೆಂದರೆ ಆಗಿಹೋದದ್ದನ್ನು ಹೇಳುವ ಹೊರೆ ಅದರದ್ದು, ಮುಂದಿನ ಪದ ಮೂಲರೂಪದಲ್ಲೇ ಇರಬೇಕು: 'ಐ ವೆಂಟ್', ಆದರೆ 'ಐ ಡಿಡ್ ನಾಟ್ ಗೋ'.

ತೊಡಕಿರುವುದು ಪ್ರಶ್ನೆಯಲ್ಲಿ. 'ಹೋದೆಯಾ?' ಎಂದು ಕೇಳುವಾಗ ಕನ್ನಡ ಭೂತರೂಪವನ್ನೇ ಉಳಿಸಿಕೊಳ್ಳುತ್ತದೆ. ಹಾಗಾಗಿ 'ಡಿಡ್ ಯು ವೆಂಟ್?' ತಾನಾಗಿ ಬಾಯಿಗೆ ಬರುತ್ತದೆ. 'ಡಿಡ್ ಯು ಗೋ?' ಎಂಬುದನ್ನು ರೂಢಿಯಿಂದಲೇ ಕೂರಿಸಬೇಕು. ಆದರೆ ಯಾರು, ಏನು ಎಂಬುದೇ ಕರ್ತೃವಾದಾಗ 'ಡಿಡ್' ಬೇಕಿಲ್ಲ: 'ಹೂ ವೆಂಟ್?', 'ವಾಟ್ ಹ್ಯಾಪನ್ಡ್?'. 'ವಾಸ್', 'ವರ್' ಕೂಡ 'ಡಿಡ್' ಜೊತೆ ಸೇರುವುದಿಲ್ಲ: 'ಐ ವಾಸ್ ನಾಟ್ ಅಟ್ ಹೋಮ್'.

ದಿನಕ್ಕೆ ಐದೇ ಕ್ರಿಯಾಪದ ಸಾಕು. ಪ್ರತಿಯೊಂದಕ್ಕೂ ಮೂರು ವಾಕ್ಯ ಬರೆಸಿ: ಆಯಿತು, ಆಗಲಿಲ್ಲ, ಆಯಿತೇ? ಗೋ, ಕಮ್, ಈಟ್, ಬೈ, ಟೇಕ್ ಇಂಥವನ್ನು ಆರಿಸಿ. 'ಕಟ್', 'ಪುಟ್' ಬೇಡ; ಅವುಗಳ ರೂಪ ಬದಲಾಗದ ಕಾರಣ ತಪ್ಪಿದ್ದರೂ ಕಾಣುವುದಿಲ್ಲ. ವಿ1, ವಿ2, ವಿ3 ಪಟ್ಟಿಯನ್ನು (ಗೋ, ವೆಂಟ್, ಗಾನ್ ಎಂಬಂತೆ ಕ್ರಿಯಾಪದದ ಮೂರು ರೂಪಗಳು) ಮಗ್ಗಿಯಂತೆ ಉರು ಹೊಡೆಸುವುದರಿಂದ ಪದಗಳು ಬರುತ್ತವೆ, ವಾಕ್ಯ ಬರುವುದಿಲ್ಲ.

ಪ್ರ: ನಾನು ಗೈಡ್. 'ಕಿಂಗ್ ವಿಷ್ಣುವರ್ಧನ ಹ್ಯಾಸ್ ಬಿಲ್ಟ್ ದಿಸ್ ಟೆಂಪಲ್ ಇನ್ 1117' ಎನ್ನುತ್ತೇನೆ. 'ಹ್ಯಾಸ್' ತಪ್ಪು ಎನ್ನುತ್ತಾರೆ. 'ಕಟ್ಟಿಸಿದ್ದಾನೆ' ಎಂದರೆ 'ಹ್ಯಾಸ್' ಅಲ್ಲವೇ? (ಓದುಗರು, ಬೇಲೂರು)

ಉ: ಎಡವಿದ್ದು ಅಲ್ಲೇ. ಕನ್ನಡದಲ್ಲಿ '1117ರಲ್ಲಿ ಕಟ್ಟಿಸಿದ್ದಾನೆ' ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನ 'ಹ್ಯಾವ್', 'ಹ್ಯಾಸ್' ಮಾತ್ರ ಮುಗಿದುಹೋದ ಕಾಲದ ಜೊತೆ ಕೂಡಿಬಾಳುವುದಿಲ್ಲ. ಇಸವಿ, ನಿನ್ನೆ, ಹೋದ ವಾರ, ಎರಡು ದಿನದ ಹಿಂದೆ, ಇವುಗಳಲ್ಲಿ ಯಾವುದಾದರೂ ವಾಕ್ಯದಲ್ಲಿದ್ದರೆ ಬರಿಯ ಭೂತರೂಪ: 'ವಿಷ್ಣುವರ್ಧನ ಬಿಲ್ಟ್ ದಿಸ್ ಟೆಂಪಲ್'. 'ಕಟ್ಟಿಸಿದ' ಎಂಬುದಕ್ಕೂ 'ಬಿಲ್ಟ್' ಸಾಕು. ದೊರೆ ಕಲ್ಲು ಹೊತ್ತನೆಂದು ಯಾರೂ ತಿಳಿಯುವುದಿಲ್ಲ. ಅಂದ ಹಾಗೆ, 1117 ಪ್ರತಿಷ್ಠಾಪನೆಯ ವರ್ಷ. ಆದ್ದರಿಂದ 'ದ ಟೆಂಪಲ್ ವಾಸ್ ಕಾನ್ಸಿಕ್ರೇಟೆಡ್ ಇನ್ 1117' ಎಂದರೆ ಇನ್ನೂ ಕರಾರುವಾಕ್ಕು.

ಹಾಗಾದರೆ 'ಹ್ಯಾಸ್' ಎಲ್ಲಿ? ಅಂದು ಶುರುವಾಗಿ ಇಂದಿಗೂ ಇರುವುದಕ್ಕೆ. 'ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಮೋರ್ ದ್ಯಾನ್ 900 ಇಯರ್ಸ್' ಸರಿ, ಗುಡಿ ಇನ್ನೂ ನಿಂತಿದೆ. ವಿಶ್ವ ಪರಂಪರೆ ಪಟ್ಟಿಯ ಮಾತು ಬಂದಾಗ ಮತ್ತೆ ಇಸವಿ, ಮತ್ತೆ ಬರಿಯ ಭೂತರೂಪ: 'ಯುನೆಸ್ಕೋ ಲಿಸ್ಟೆಡ್ ಇಟ್ ಇನ್ 2023'. ಬಯೋಡೇಟಾಗಳಲ್ಲೂ ಇದೇ ತಪ್ಪು ಹೇರಳ. 'ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2021' ಎಂಬಲ್ಲಿ ಒಂದೋ 'ಹ್ಯಾವ್' ತೆಗೆಯಿರಿ, ಇಲ್ಲವೇ ಇಸವಿ ತೆಗೆಯಿರಿ.

ಪ್ರ: 'ನಿನ್ನೆ ಆಫೀಸಿಗೆ ಬಂದಿದ್ದೆ' ಎನ್ನಲು 'ಐ ಹ್ಯಾಡ್ ಕಮ್' ಸರಿಯೇ? (ಓದುಗರು, ಕಡೂರು)

ಉ: ಅಲ್ಲ, 'ಐ ಕೇಮ್ ಯೆಸ್ಟರ್‌ಡೇ'. ಬಂದು ಹೋದದ್ದಕ್ಕೆಲ್ಲ ಕನ್ನಡ 'ಇದ್ದೆ' ಹಚ್ಚುತ್ತದೆ. 'ಹ್ಯಾಡ್'ಗೆ ಮಾತ್ರ ಹಿಂದೆ ನಡೆದ ಎರಡು ಸಂಗತಿ ಬೇಕು, ಅದು ಕೂರುವುದು ಮೊದಲು ನಡೆದದ್ದರ ಮೇಲೆ. ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬಸ್ ಹೊರಟುಹೋಗಿತ್ತು: 'ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್'.

ಪ್ರ: ತೋಟಕ್ಕೆ ಬರುವ ಹೊರದೇಶದ ಕಾಫಿ ಖರೀದಿದಾರರಿಗೆ ಕೆಲಸ ವಿವರಿಸಬೇಕು. 'ಪಿಕ್ಕೆಡ್', 'ವಾಷೆಡ್' ಎಂದರೆ ಅವರಿಗೆ ಗೊಂದಲ. (ಓದುಗರು, ಮೂಡಿಗೆರೆ)

ಉ: ಕೊನೆಯಲ್ಲಿ ಬರೆಯುವುದು 'ಇಡಿ' ಎಂಬ ಎರಡಕ್ಷರವೇ ಆದರೂ ನುಡಿಯುವುದು ಮೂರು ಬಗೆ. ಗಂಟಲ ಮೇಲೆ ಬೆರಳಿಟ್ಟು ಮೂಲಪದದ ಕೊನೆಯ ದನಿ ಹೇಳಿ. ಕ, ಪ, ಸ, ಷ, ಚ, ಫ ದನಿಗಳಲ್ಲಿ ಗಂಟಲು ಅದುರದು. ಅಲ್ಲಿ 'ಟ್': ಪಿಕ್ಟ್, ಪಲ್ಪ್ಟ್, ವಾಷ್ಟ್. ಅದುರಿದರೆ 'ಡ್': ಡ್ರೈಡ್, ಹಲ್ಡ್, ವೇಡ್, ಪ್ರೂನ್ಡ್. ಕೊನೆಯ ದನಿ ಟ ಅಥವಾ ಡ ಆಗಿದ್ದರೆ ಮಾತ್ರ ಸ್ವರ ಸೇರಿ 'ಇಡ್': ರೋಸ್ಟಿಡ್, ಗ್ರೇಡಿಡ್.

ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುವುದರಿಂದ ನಮ್ಮ ನಾಲಗೆ ನಡುವೆ ಸ್ವರವೊಂದನ್ನು ತುರುಕುತ್ತದೆ. ಅದಕ್ಕೆ ಹೆದರಿ ಕೊನೆಯ ದನಿಯನ್ನೇ ನುಂಗಿದರೆ ಇನ್ನೂ ಕಷ್ಟ. 'ವಿ ಪಿಕ್ ದ ಅರೇಬಿಕಾ' ಎಂದಾಗ ಕುಯ್ಲು ಮುಗಿದಿದೆಯೆಂದು ಕೇಳಿದವರಿಗೆ ಗೊತ್ತಾಗುವುದೇ ಇಲ್ಲ. ಪಿಕ್ಕೆಡ್ ಎಂದರೆ ಒರಟು ಅಷ್ಟೇ, ಪಿಕ್ ಎಂದರೆ ಅರ್ಥವೇ ಬೇರೆ.

ಮೇಲ್ ಬರೆಯುವಾಗ 'ಡ್ರೈ'ನ ವೈ ಹೋಗಿ ಐ ಬರುತ್ತದೆ. ವೈಗೆ ಮುಂಚೆ ಸ್ವರಾಕ್ಷರವಿರುವ 'ಪ್ಲೇ'ನಲ್ಲಿ ವೈ ಉಳಿಯುತ್ತದೆ. 'ಸ್ಟಾಪ್'ನ ಪಿ ಎರಡಾಗುತ್ತದೆ. ಒತ್ತು ಮೊದಲ ಭಾಗದ ಮೇಲಿರುವ 'ವಿಸಿಟ್'ಗೆ ಒಂದೇ ಟಿ.

ಪ್ರ: 'ಇಟ್ ಕಾಸ್ಟೆಡ್ ಫೈವ್ ಹಂಡ್ರೆಡ್' ಎನ್ನಬಹುದೇ? (ಓದುಗರು, ಹೊಳೆನರಸೀಪುರ)

ಉ: ಇಲ್ಲ. ಇಷ್ಟು ಬೆಲೆಯಾಯಿತು ಎನ್ನುವಾಗ ಹಿಂದೆಯೂ 'ಕಾಸ್ಟ್', ಈಗಲೂ 'ಕಾಸ್ಟ್'. ಪುಟ್, ಕಟ್, ಹಿಟ್, ಷಟ್ ಕೂಡ ಹೀಗೆಯೇ. 'ರೀಡ್'ನ ಕಾಗುಣಿತ ಬದಲಾಗದು, ಉಚ್ಚಾರ ಮಾತ್ರ 'ರೆಡ್' ಆಗುತ್ತದೆ. 'ಕಾಸ್ಟೆಡ್' ಎಂಬ ಪದವೂ ಇದೆ, ಆದರೆ ಅದು ಕಂಟ್ರಾಕ್ಟರು ಕೂತು ಖರ್ಚಿನ ಅಂದಾಜು ಹಾಕಿದಾಗ.